ಬಟಾಣಿ ಕಾಳಿನಿಂದ ಮೊಬೈಲ್ ಆಪ್‌ವರೆಗೆ: ಪರದೇಶ ಪ್ರಯಾಣಿಕನ ಜೇಬಿನ ಕಥೆ



ಬೇಸಿಗೆ ರಜೆ ಹತ್ತಿರವಾಯಿತೆಂದರೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಹಳೆಯ ಚಿತ್ರಗೀತೆಗಳ ಕೋರಿಕೆಯ ನಡುವೆ ಇಂಥದ್ದೂ ಒಂದೆರಡು ಇಣುಕುತ್ತವೆ: "ಮಗಳು ಜರ್ಮನಿಯಲ್ಲಿದ್ದಾಳೆ. ಮೊದಲ ಸಲ ವಿದೇಶಕ್ಕೆ ಹೊರಟಿದ್ದೇವೆ. ಫೋನಿಗೆ ಯಾವ ಯಾವ ಆಪ್ ಹಾಕಿಸಿಕೊಂಡು ಹೋಗಬೇಕು?" ಹೀಗೆ ಕೇಳುವವರು ಹೆಚ್ಚಾಗಿ ಅರವತ್ತು ದಾಟಿದವರು. ನಲವತ್ತು ವರ್ಷದ ಹಿಂದೆ ಒಂದು ಟ್ರಂಕು, ಒಂದು ಹೋಲ್ಡಾಲು ಹಿಡಿದು ಮುಂಬೈಗೋ ಪುಣೆಗೋ ಬಂದಿಳಿದು, ಬಸ್ಸಿನ ನೆತ್ತಿಯ ಮೇಲಿನ ದೇವನಾಗರಿ ಅಂಕಿ ಓದುವುದನ್ನು ಕಲಿತು, ಭಾಷೆ ಬಾರದ ಊರಿನಲ್ಲಿ ಬದುಕು ಕಟ್ಟಿಕೊಂಡವರು! ಅವರಿಗೆ ಪರಊರು ಹೊಸದಲ್ಲ, ಆಪ್ ಮಾತ್ರ ಹೊಸದು.

ಒಂದು ಪಟ್ಟಿ ಬರೆದುಕೊಟ್ಟುಬಿಡಬಹುದು. ಆದರೆ ಆಪ್‌ಗಳ ಪಟ್ಟಿ ಹಾಲಿನ ಹಾಗೆ, ಬೇಗ ಕೆಡುತ್ತದೆ. ಅದಕ್ಕಿಂತ ಈ ಆಪ್‌ಗಳ ವಂಶಾವಳಿ ತಿಳಿದುಕೊಂಡರೆ ಒಳ್ಳೆಯದು ಎಂದು ನನಗನ್ನಿಸುತ್ತದೆ. ಏಕೆಂದರೆ ಫೋನಿನಲ್ಲಿರುವ ಒಂದೊಂದು ಆಪ್ ಕೂಡ ಹಿಂದೆ ಪ್ರಯಾಣಿಕರ ಚೀಲದಲ್ಲಿದ್ದ ಒಂದೊಂದು ವಸ್ತುವಿನ ಮರುಜನ್ಮ. ಆ ವಸ್ತು ಎಲ್ಲಿ ನೆರವಾಯಿತು, ಎಲ್ಲಿ ಕೈಕೊಟ್ಟಿತು ಎಂದು ಗೊತ್ತಾದರೆ, ಇವತ್ತಿನ ಆಪನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ.

ಪರದೇಶದಲ್ಲಿ ಕಾಲಿಟ್ಟವನನ್ನು ಕಾಡುವ ಪ್ರಶ್ನೆಗಳು ಸಾವಿರ ವರ್ಷಗಳಿಂದ ಬದಲಾಗಿಲ್ಲ ನೋಡಿ. ನಾನೀಗ ಎಲ್ಲಿದ್ದೇನೆ? ಇವರೇನು ಹೇಳುತ್ತಿದ್ದಾರೆ? ಯಾರನ್ನು ನಂಬಲಿ? ದುಡ್ಡು ಹೇಗೆ? ಮನೆಗೆ ಹೇಗೆ ತಿಳಿಸಲಿ? ಹನ್ನೆರಡನೇ ಶತಮಾನದ ಒಂದು ಲ್ಯಾಟಿನ್ ಹಸ್ತಪ್ರತಿ ಸ್ಪೇನಿನ ಸ್ಯಾಂಟಿಯಾಗೊ ಡಿ ಕಾಂಪೊಸ್ಟೆಲಾದ ಚರ್ಚಿನಲ್ಲಿದೆ. ಕೋಡೆಕ್ಸ್ ಕಲಿಕ್ಸ್‌ಟಿನಸ್ ಎಂದು ಅದರ ಹೆಸರು. ಅದರ ಐದನೇ ಭಾಗ ಫ್ರಾನ್ಸಿನಿಂದ ಆ ಯಾತ್ರಾಸ್ಥಳಕ್ಕೆ ನಡೆದು ಹೋಗುವವರಿಗೆ ದಾರಿ ತೋರಿಸುವ ಕೈಪಿಡಿ. ಯಾವ ನದಿಯ ನೀರು ಕುಡಿಯಬಹುದು, ಯಾವುದು ಕುಡಿದರೆ ಅಪಾಯ, ಯಾವ ಹೊಳೆಯ ದೋಣಿಯವರು ಅತಿಯಾಗಿ ಜನ ತುಂಬಿಸಿ ಸುಲಿಯುತ್ತಾರೆ ಎಂದೆಲ್ಲ ಬರೆದಿದೆ. ಜೊತೆಗೆ ದಾರಿಯಲ್ಲಿ ಸಿಗುವ ಬಾಸ್ಕ್ ಜನರ ಭಾಷೆಯ ಕೆಲವು ಪದಗಳು: ದೇವರು, ರೊಟ್ಟಿ, ದ್ರಾಕ್ಷಾರಸ, ನೀರು, ಮಾಂಸ, ಮೀನು. ಬಾಸ್ಕ್ ಭಾಷೆಯ ಅತಿ ಹಳೆಯ ಪದಪಟ್ಟಿಗಳಲ್ಲಿ ಅದೂ ಒಂದು. ಅಂದರೆ ನಕ್ಷೆ, ಅನುವಾದ, ರಿವ್ಯೂ ಮೂರೂ ಒಂದೇ ಪುಸ್ತಕದಲ್ಲಿ! ಹಸಿದವನಿಗೆ ಮೊದಲು ಬೇಕಾಗುವ ಪದಗಳು ಆಗಲೂ ಈಗಲೂ ಅವೇ.

ಪ್ರವಾಸ ಎನ್ನುವುದು ಯಾತ್ರಿಕರಿಂದ, ವ್ಯಾಪಾರಿಗಳಿಂದ, ಶ್ರೀಮಂತರ ಮಕ್ಕಳಿಂದ ಸಾಮಾನ್ಯರ ಕೈಗೆ ಬಂದದ್ದು ರೈಲು, ಹಬೆಹಡಗು ಬಂದ ಮೇಲೆ. ಮ್ಯಾಂಚೆಸ್ಟರಿನ ನಕ್ಷೆ ಕೆತ್ತನೆಗಾರ ಜಾರ್ಜ್ ಬ್ರಾಡ್‌ಶಾ 1839ರಲ್ಲಿ ರೈಲು ವೇಳಾಪಟ್ಟಿಯನ್ನು ಪುಸ್ತಕ ಮಾಡಿದ. 1847ರಲ್ಲಿ ಯುರೋಪಿನ ರೈಲುಗಳಿಗೂ ಒಂದು ಬ್ರಾಡ್‌ಶಾ ಬಂತು. ಇರುವೆ ಸಾಲಿನಂಥ ಅಕ್ಷರಗಳು. ಓದಿ ಅರ್ಥ ಮಾಡಿಕೊಳ್ಳಲು ತಲೆ ಚಿಟ್ಟು ಹಿಡಿಯುತ್ತಿತ್ತು ಎಂದು ಆ ಕಾಲದವರು ಗೇಲಿ ಮಾಡುತ್ತಿದ್ದರು. ನಮ್ಮಲ್ಲಿಯೂ ಕಲ್ಕತ್ತೆಯ ನ್ಯೂಮನ್ ಸಂಸ್ಥೆ 'ಇಂಡಿಯನ್ ಬ್ರಾಡ್‌ಶಾ' ಪ್ರಕಟಿಸುತ್ತಿತ್ತು. ಪಾಪ, ಲಕ್ಷಾಂತರ ಜನರಿಗೆ ದಾರಿ ತೋರಿಸಿದ ಬ್ರಾಡ್‌ಶಾ ತಾನು ಸತ್ತದ್ದೂ ಪ್ರವಾಸದಲ್ಲಿಯೇ. 1853ರಲ್ಲಿ ನಾರ್ವೆಗೆ ಹೋದವನು ಅಲ್ಲಿ ಕಾಲರಾಕ್ಕೆ ಬಲಿಯಾದ.

ವೇಳಾಪಟ್ಟಿ ರೈಲು ಹತ್ತಿಸುತ್ತದೆ. ಇಳಿದ ಮೇಲೆ ಏನು ನೋಡಬೇಕು? ಇಲ್ಲಿ ನಿಮಗೆ ಒಬ್ಬ ಮಹಿಳೆಯನ್ನು ಪರಿಚಯಿಸಬೇಕು. ಮರಿಯಾನಾ ಸ್ಟಾರ್ಕ್. ಇವಳ ತಂದೆ ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದವನು (ಚೆನ್ನೈ ಕೇಳುಗರು ಗಮನಿಸಿ!). ಇಟಲಿಯಲ್ಲಿ ವರ್ಷಗಟ್ಟಲೆ ಇದ್ದು, ಯುರೋಪ್ ಪ್ರವಾಸಿಗಳಿಗಾಗಿ ಪುಸ್ತಕ ಬರೆದಳು. ಮನೆ ಬಾಡಿಗೆ ಎಷ್ಟು, ಬಟ್ಟೆ ಒಗೆಸಲು ಎಷ್ಟು, ಪಾಸ್‌ಪೋರ್ಟಿಗೆ ಯಾರನ್ನು ಕಾಣಬೇಕು ಎಂಬ ವಿವರವೆಲ್ಲ ಅದರಲ್ಲಿತ್ತು. ಚಿತ್ರಕಲೆಗಳ ಯೋಗ್ಯತೆ ಅಳೆಯಲು ಅವಳು ಬಳಸಿದ್ದು ಆಶ್ಚರ್ಯಸೂಚಕ ಚಿಹ್ನೆ. ಚಿತ್ರ ಹೆಚ್ಚು ಹೆಚ್ಚು ಚೆನ್ನಾಗಿದ್ದಷ್ಟೂ ಆಶ್ಚರ್ಯಸೂಚಕಗಳೂ ಹೆಚ್ಚು. ಇವತ್ತು ಹೋಟೆಲುಗಳಿಗೆ ನಾವು ಕೊಡುವ ನಕ್ಷತ್ರಗಳ ಮುತ್ತಜ್ಜಿ ಅದೇ. ಅವಳ ಪ್ರಕಾಶಕ ಲಂಡನ್ನಿನ ಜಾನ್ ಮರ್ರೆ. ಆ ಮನೆತನವೇ 1836ರಿಂದ ಕೆಂಪು ರಟ್ಟಿನ ಕೈಪಿಡಿಗಳನ್ನು ತರಲು ಶುರುಮಾಡಿ, 1859ರಲ್ಲಿ ಮದ್ರಾಸು, ಬೊಂಬಾಯಿ ಪ್ರಾಂತಗಳಿಗೂ ಒಂದೊಂದು ಕೈಪಿಡಿ ತಂದಿತು. ನಾವೂ ಯಾರಿಗೋ 'ವಿದೇಶ'ವಾಗಿದ್ದೆವಲ್ಲ!

ಆದರೆ ಈ ವಿದ್ಯೆಯ ಭೀಷ್ಮ ಎಂದರೆ ಜರ್ಮನಿಯ ಕಾರ್ಲ್ ಬೇಡೆಕರ್. 1801ರಲ್ಲಿ ಹುಟ್ಟಿದವನು, ಕೋಬ್ಲೆಂಜಿನಲ್ಲಿ ಪುಸ್ತಕದ ವ್ಯಾಪಾರಿ. ಪ್ರವಾಸಿಯನ್ನು ಬಾಡಿಗೆ ಗೈಡುಗಳ ಹಿಡಿತದಿಂದ ಬಿಡಿಸಬೇಕು, ತನ್ನ ಪುಸ್ತಕ ಹಿಡಿದವನು ಯಾರ ಹಂಗೂ ಇಲ್ಲದೆ ತಾನೇ ಓಡಾಡುವಂತಾಗಬೇಕು ಎನ್ನುವುದು ಅವನ ಹಟ. ಅದಕ್ಕಾಗಿ ಎಲ್ಲವನ್ನೂ ಸ್ವತಃ ನೋಡಿ ಬರೆಯುತ್ತಿದ್ದ, ಗುರುತು ಹೇಳಿಕೊಳ್ಳದೆ ಹೋಟೆಲುಗಳಲ್ಲಿ ಇಳಿಯುತ್ತಿದ್ದ. ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಮಿಲಾನಿನ ದೊಡ್ಡ ಚರ್ಚಿನ ಚಾವಣಿಗೆ ಮೆಟ್ಟಿಲು ಹತ್ತುತ್ತಿದ್ದ ಒಬ್ಬ ಪ್ರವಾಸಿಗೆ, ಮುಂದೆ ಹೋಗುತ್ತಿದ್ದ ಕುಳ್ಳ ವ್ಯಕ್ತಿಯೊಬ್ಬ ಆಗಾಗ ತನ್ನ ವೇಸ್ಟ್‌ಕೋಟಿನ ಜೇಬಿನಿಂದ ಏನನ್ನೋ ತೆಗೆದು ಪ್ಯಾಂಟಿನ ಜೇಬಿಗೆ ಹಾಕುವುದು ಕಂಡಿತಂತೆ. ನೋಡಿದರೆ ಒಣ ಬಟಾಣಿ ಕಾಳು! ಇಪ್ಪತ್ತು ಮೆಟ್ಟಿಲಿಗೆ ಒಂದು ಕಾಳು. ಮೇಲೆ ಹೋಗಿ ಕಾಳು ಎಣಿಸಿ ಇಪ್ಪತ್ತರಿಂದ ಗುಣಿಸಿದರೆ ಮೆಟ್ಟಿಲ ಲೆಕ್ಕ ಸಿಕ್ಕಿತು. ಇಳಿಯುವಾಗ ಅದೇ ಕಾಳನ್ನು ಹಿಂದಕ್ಕೆ ವರ್ಗಾಯಿಸುತ್ತ ಲೆಕ್ಕ ತಾಳೆ ನೋಡುವುದು. ಅವನೇ ಕಾರ್ಲ್ ಬೇಡೆಕರ್. ಮೊಣಕಾಲು ನೋವಿನ ಅತ್ತೆಯನ್ನು ಕರೆದುಕೊಂಡು ಹೋಗುವವರಿಗೆ ಮೆಟ್ಟಿಲ ಲೆಕ್ಕ ಎಷ್ಟು ಮುಖ್ಯ ಎಂಬುದನ್ನು ನಾನು ಹೇಳಬೇಕಾಗಿಲ್ಲ.

1840ರ ದಶಕದಲ್ಲಿ ಬೇಡೆಕರ್ ನಕ್ಷತ್ರ ಗುರುತು ಹಾಕಲು ಆರಂಭಿಸಿದ. ತಪ್ಪದೇ ನೋಡಬೇಕಾದದ್ದಕ್ಕೆ ನಕ್ಷತ್ರ. ಅವನು 1859ರಲ್ಲಿ ತೀರಿಕೊಂಡ ಮೇಲೆ ಮಕ್ಕಳು ಕೆಲಸ ಮುಂದುವರಿಸಿದರು. ಸಂಸ್ಥೆ 1872ರಲ್ಲಿ ಲೈಪ್‌ಜಿಗ್ ನಗರಕ್ಕೆ ಸ್ಥಳಾಂತರವಾಯಿತು. 1914ರಲ್ಲಿ ಭಾರತದ ಬಗ್ಗೆಯೂ ಒಂದು ಬೇಡೆಕರ್ ಬಂತು, ಜರ್ಮನ್ ಭಾಷೆಯಲ್ಲಿ ಮಾತ್ರ. ಅದೇ ವರ್ಷ ಮಹಾಯುದ್ಧ ಹತ್ತಿಕೊಂಡಿತು.

ಒಂದು ಒಳ್ಳೆಯ ಪಟ್ಟಿ ಕೆಟ್ಟವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಬೇಡೆಕರ್‌ದೇ ಉದಾಹರಣೆ. 1942ರಲ್ಲಿ ಬ್ರಿಟಿಷರು ಜರ್ಮನಿಯ ಲ್ಯೂಬೆಕ್ ನಗರವನ್ನು ಸುಟ್ಟರು. ಅದಕ್ಕೆ ಪ್ರತಿಯಾಗಿ ಹಿಟ್ಲರನ ವಿಮಾನಗಳು ಎಕ್ಸೆಟರ್, ಬಾತ್, ನಾರಿಚ್, ಯಾರ್ಕ್, ಕ್ಯಾಂಟರ್‌ಬರಿಗಳ ಮೇಲೆ ಬಾಂಬು ಹಾಕಿದವು. ಅವೇನೂ ದೊಡ್ಡ ಸೈನಿಕ ನೆಲೆಗಳಲ್ಲ, ಚೆಂದದ ಹಳೆಯ ಊರುಗಳು. ಬೇಡೆಕರ್ ಪುಸ್ತಕದಲ್ಲಿ ನಕ್ಷತ್ರ ಪಡೆದ ಕಟ್ಟಡಗಳನ್ನೆಲ್ಲ ಉರುಳಿಸುತ್ತೇವೆ ಎಂಬ ಅರ್ಥದಲ್ಲಿ ಜರ್ಮನ್ ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬ ಬಾಯಿಬಿಟ್ಟ. ಅಲ್ಲಿಂದ ಆ ದಾಳಿಗಳಿಗೆ 'ಬೇಡೆಕರ್ ದಾಳಿ' ಎಂದೇ ಹೆಸರು ಬಿತ್ತು. 1943ರ ಡಿಸೆಂಬರಿನಲ್ಲಿ ಬ್ರಿಟಿಷ್ ಬಾಂಬುಗಳು ಲೈಪ್‌ಜಿಗ್ ಮೇಲೆ ಬಿದ್ದಾಗ ಬೇಡೆಕರ್ ಕಚೇರಿಯೇ ಭಸ್ಮವಾಯಿತು.

ಈಗ ನಕ್ಷತ್ರ ಕೊಡುವವರು ಯಾರು? ನಾವೇ, ನೀವೇ! 2000ದಲ್ಲಿ ಟ್ರಿಪ್‌ಅಡ್ವೈಸರ್ ಶುರುವಾಯಿತು, ಆಮೇಲೆ ಗೂಗಲ್ ನಕ್ಷೆಯಲ್ಲೇ ರಿವ್ಯೂ ಬಂತು. ಒಬ್ಬ ಬೇಡೆಕರನ ಬದಲು ಕೋಟ್ಯಂತರ ಬೇಡೆಕರರು. ಬಟಾಣಿ ಕಾಳು ಎಣಿಸುವ ತಾಳ್ಮೆ ಮಾತ್ರ ಎಲ್ಲರಿಗೂ ಇರುವುದಿಲ್ಲ. 2017ರಲ್ಲಿ ಲಂಡನ್ನಿನ ಊಬಾ ಬಟ್ಲರ್ ಎಂಬ ತರುಣ ಬರಹಗಾರ ತಾನು ವಾಸವಿದ್ದ ತೋಟದ ಶೆಡ್ಡನ್ನೇ ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರಿನಲ್ಲಿ ನೋಂದಾಯಿಸಿದ. ಅಡುಗೆಯ ಫೋಟೋಗಳಿಗೆ ಬಳಸಿದ್ದು ಶೇವಿಂಗ್ ಕ್ರೀಮ್ ಇತ್ಯಾದಿ. ಸ್ನೇಹಿತರಿಂದ ಹೊಗಳಿಕೆ ಬರೆಸಿದ. ಕೆಲವೇ ತಿಂಗಳಲ್ಲಿ ಲಂಡನ್ನಿನ 18,000ಕ್ಕೂ ಹೆಚ್ಚು ರೆಸ್ಟೋರೆಂಟುಗಳ ಪೈಕಿ ಇಲ್ಲದೇ ಇದ್ದ ಆ ರೆಸ್ಟೋರೆಂಟು ಮೊದಲ ಸ್ಥಾನಕ್ಕೇರಿತು! ಆದ್ದರಿಂದ ರಿವ್ಯೂ ಆಪ್ ತೆರೆದಾಗ ನಕ್ಷತ್ರದ ಸಂಖ್ಯೆ ನೋಡಬೇಡಿ, ಮೂರು ನಕ್ಷತ್ರ ಕೊಟ್ಟವರ ಬರಹ ಓದಿ. ಐದು ಕೊಟ್ಟವನು ನೆಂಟನಿರಬಹುದು, ಒಂದು ಕೊಟ್ಟವನು ಪಕ್ಕದ ಹೋಟೆಲಿನವನಿರಬಹುದು. ಮೂರು ಕೊಟ್ಟವನು ಲಿಫ್ಟ್ ಇಲ್ಲ, ಬಿಸಿನೀರು ಎಂಟರ ನಂತರ ಬರುವುದಿಲ್ಲ ಎಂದು ಬರೆದಿರುತ್ತಾನೆ. ಅವನೇ ನಮ್ಮ ಬಟಾಣಿ ಕಾಳಿನ ಮನುಷ್ಯ.

ಇನ್ನು ದುಡ್ಡಿನ ವಿಷಯ. ಇದೇ ಎಲ್ಲಕ್ಕಿಂತ ಸ್ವಾರಸ್ಯ.

1841ರ ಜುಲೈ 5ರಂದು ಇಂಗ್ಲೆಂಡಿನ ಥಾಮಸ್ ಕುಕ್ ಸುಮಾರು 500 ಜನರನ್ನು ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದ. ತಲೆಗೆ ಒಂದು ಶಿಲಿಂಗ್. ಹೋದದ್ದು ಮದ್ಯಪಾನ ವಿರೋಧಿ ಸಭೆಗೆ! ಅಲ್ಲಿಂದ ಹುಟ್ಟಿದ ಕಂಪನಿ 1881ರಲ್ಲಿ ಬೊಂಬಾಯಿಯಲ್ಲಿ ಕಚೇರಿ ತೆರೆಯಿತು. 1886ರಲ್ಲಿ ಭಾರತ ಸರ್ಕಾರ ಹಜ್ ಯಾತ್ರಿಕರ ಪ್ರಯಾಣದ ಹೊಣೆಯನ್ನೂ ಕುಕ್ ಕಂಪನಿಗೆ ವಹಿಸಿತು. ಬೊಂಬಾಯಿ ಬಂದರಿನಲ್ಲಿ ದಲ್ಲಾಳಿಗಳು ಬಡ ಯಾತ್ರಿಕರನ್ನು ಸುಲಿಯುವುದು, ಹಡಗುಗಳಲ್ಲಿ ಕುರಿಗಳಂತೆ ತುಂಬುವುದು ಆಗ ದೊಡ್ಡ ಹಗರಣವಾಗಿತ್ತು. ಒಂದೇ ಟಿಕೆಟ್ಟಿನಲ್ಲಿ ಊರಿನಿಂದ ಜೆಡ್ಡಾದವರೆಗೆ ಎಂಬ ವ್ಯವಸ್ಥೆ ಬಂದರೂ ಕೆಲವೇ ವರ್ಷಗಳಲ್ಲಿ ಆ ಒಪ್ಪಂದ ಮುಗಿಯಿತು. ಈಗ ನಾವು ಒಂದೇ ಆಪ್‌ನಲ್ಲಿ ವಿಮಾನ, ಹೋಟೆಲು, ಟ್ಯಾಕ್ಸಿ ಬುಕ್ ಮಾಡುತ್ತೇವಲ್ಲ, ಅದರ ಬೇರು ಇಂಥ ಕಡೆ ಇದೆ.

ಪ್ರಯಾಣಿಕನ ಹಣವನ್ನು ಕಳ್ಳರಿಂದ ಕಾಪಾಡಲು ಕುಕ್ 1874ರಲ್ಲಿ 'ಸರ್ಕ್ಯುಲರ್ ನೋಟ್' ಎಂಬ ಚೀಟಿ ಹೊರಡಿಸಿದ. ಗೊತ್ತುಮಾಡಿದ ಹೋಟೆಲು, ಬ್ಯಾಂಕುಗಳಲ್ಲಿ ಅದನ್ನು ಕೊಟ್ಟು ಆ ದೇಶದ ನಾಣ್ಯ ಪಡೆಯಬಹುದಿತ್ತು. ಆದರೆ ಆ ವಿದ್ಯೆಯನ್ನು ಪರಿಪೂರ್ಣ ಮಾಡಿದ್ದು ಅಮೆರಿಕನ್ ಎಕ್ಸ್‌ಪ್ರೆಸ್. ಅದರ ಅಧ್ಯಕ್ಷ ಜೆ. ಸಿ. ಫಾರ್ಗೊ ಯುರೋಪ್ ಪ್ರವಾಸಕ್ಕೆ ಹೋದಾಗ, ದೊಡ್ಡ ನಗರ ಬಿಟ್ಟು ಹೊರಗೆ ಕಾಲಿಟ್ಟೊಡನೆ ಅವನ ಬ್ಯಾಂಕ್ ಪತ್ರಕ್ಕೆ ಕಿಮ್ಮತ್ತೇ ಇಲ್ಲದಾಯಿತು. ಅಷ್ಟು ದೊಡ್ಡ ಮನುಷ್ಯನಿಗೇ ಹೀಗಾದರೆ ಸಾಮಾನ್ಯರ ಗತಿ ಏನು ಎಂದು ಸಿಟ್ಟಾಗಿ ವಾಪಸು ಬಂದ. ಸಂಸ್ಥೆಯ ಉದ್ಯೋಗಿ ಮಾರ್ಸೆಲಸ್ ಬೆರ್ರಿ ಕಂಡುಕೊಂಡ ಉಪಾಯ ಬಹಳ ಸರಳ: ಎರಡು ಸಹಿ. ಚೆಕ್ ಕೊಳ್ಳುವಾಗ ಒಂದು, ಖರ್ಚು ಮಾಡುವಾಗ ಎದುರಿಗಿರುವವನ ಮುಂದೆ ಇನ್ನೊಂದು. ಎರಡೂ ತಾಳೆಯಾದರೆ ದುಡ್ಡು. ಕಳೆದುಹೋದರೆ ಕಂಪನಿ ಹೊಸದು ಕೊಡುತ್ತದೆ. 1891ರ ಆಗಸ್ಟಿನಲ್ಲಿ ಮೊದಲ ಚೆಕ್ ನಗದಾದದ್ದು ಬೇಡೆಕರ್ ಸಂಸ್ಥೆಯ ಊರಾದ ಅದೇ ಲೈಪ್‌ಜಿಗ್‌ನಲ್ಲಿ! ಇವತ್ತು ನಿಮ್ಮ ಫೋನಿಗೆ ಬರುವ ಓಟಿಪಿ ಇದೆಯಲ್ಲ, ಅದು ಬೆರ್ರಿಯ ಎರಡನೇ ಸಹಿಯೇ. ಅಳೆಯುವುದು ಅದನ್ನೇ: ಹಣ ಇಟ್ಟವನೇ ಹಣ ಕೇಳುತ್ತಿದ್ದಾನೋ ಇಲ್ಲವೋ.

ನಮ್ಮ ದೇಶದ ಕಥೆ ಬೇರೆ. ವಿದೇಶಿ ವಿನಿಮಯ ಬಂಗಾರಕ್ಕಿಂತ ದುಬಾರಿಯಾಗಿದ್ದ ಕಾಲ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಅರವತ್ತರ ದಶಕದಲ್ಲಿ ಓದಲು ಹೋದವರು ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದೆವು ಎಂದು ಈಗಲೂ ಹೇಳುತ್ತಾರೆ. ಅಂಥವರಿಗೆ ಅಲ್ಲಿ ಇಳಿದ ಕೂಡಲೇ ಬೇಕಾಗಿದ್ದದ್ದು ನಕ್ಷೆಯಲ್ಲ, ಒಬ್ಬ ಊರಿನವನ ವಿಳಾಸ. 1973ರ ಫೆರಾ ಕಾನೂನು ಹೋಗಿ ಫೆಮಾ ಜಾರಿಗೆ ಬಂದದ್ದು 2000ದ ಜೂನಿನಲ್ಲಿ. 2004ರಲ್ಲಿ ರಿಸರ್ವ್ ಬ್ಯಾಂಕು ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದು ಎಂದಿತು. 2015ರಲ್ಲಿ ಆ ಮಿತಿ 2,50,000ಕ್ಕೆ ಏರಿತು. ಎಂಟು ಡಾಲರಿನಿಂದ ಇಲ್ಲಿಗೆ! ನಮ್ಮ ಯುಪಿಐ ಹುಟ್ಟಿದ್ದು 2016ರಲ್ಲಿ. 2021ರಲ್ಲಿ ಭೂತಾನಿಗೆ ಹೋಯಿತು, 2023ರಲ್ಲಿ ಸಿಂಗಾಪುರದ ಪೇನೌ ಜೊತೆ ಸೇರಿತು, 2024ರ ಫೆಬ್ರವರಿಯಲ್ಲಿ ಶ್ರೀಲಂಕಾ, ಮಾರಿಷಸ್, ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್ಟಿನವರೆಗೂ ತಲುಪಿತು. ಆದರೆ ಇದನ್ನು ನಂಬಿ ಬರಿಗೈಯಲ್ಲಿ ಹೋಗಬೇಡಿ. ಎಲ್ಲ ಬ್ಯಾಂಕಿಗೂ ಎಲ್ಲ ಅಂಗಡಿಗೂ ಇದು ಅನ್ವಯಿಸುವುದಿಲ್ಲ. ಅಂತರರಾಷ್ಟ್ರೀಯ ಪಾವತಿಯನ್ನು ಹೊರಡುವ ಮುನ್ನ ಆಪ್‌ನಲ್ಲಿ ಚಾಲೂ ಮಾಡಿಸಿಕೊಳ್ಳಬೇಕು. ನಿಮ್ಮ ಭಾರತದ ಸಿಮ್ ಕಾರ್ಡನ್ನು ಕಿತ್ತು ಡಬ್ಬಿಯಲ್ಲಿಟ್ಟರೆ ಓಟಿಪಿ ಬರುವುದಾದರೂ ಎಲ್ಲಿಗೆ? ಬೆರ್ರಿಯ ಎರಡನೇ ಸಹಿ ಹಾಕಲು ಪೆನ್ನೇ ಇಲ್ಲದ ಹಾಗೆ.

ಹಾಗೆಯೇ, ಬಹಳ ಹಳೆಯ ಹೆಸರು ಎಂಬ ಕಾರಣಕ್ಕೆ ಎಲ್ಲ ಹಣವನ್ನೂ ಒಬ್ಬರ ಕೈಯಲ್ಲಿಡುವುದೂ ಅಪಾಯವೇ. 178 ವರ್ಷದ ಇತಿಹಾಸವಿದ್ದ ಬ್ರಿಟನ್ನಿನ ಥಾಮಸ್ ಕುಕ್ 2019ರ ಸೆಪ್ಟೆಂಬರಿನಲ್ಲಿ ದಿವಾಳಿಯಾಯಿತು. ರಜೆಗೆ ಹೋಗಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷರನ್ನು ಅಲ್ಲಿನ ಸರ್ಕಾರ ವಿಮಾನ ಕಳಿಸಿ ಕರೆತರಬೇಕಾಯಿತು. (ನಮ್ಮ ದೇಶದಲ್ಲಿ ಅದೇ ಹೆಸರಿನಲ್ಲಿರುವ ಕಂಪನಿ ಬೇರೆ ಒಡೆತನದ್ದು, ಅದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ.)

ಭಾಷೆಯ ಕಡೆ ಬರೋಣ. ಸಂಭಾಷಣೆಯ ಕೈಪುಸ್ತಕಗಳು ಯುರೋಪಿನಲ್ಲಿ ಮುದ್ರಣಯಂತ್ರ ಬರುವುದಕ್ಕೂ ಮೊದಲೇ ಇದ್ದವು. ಅವುಗಳ ಪೈಕಿ ಲೋಕವಿಖ್ಯಾತವಾದದ್ದು ಅತ್ಯಂತ ಕೆಟ್ಟ ಪುಸ್ತಕ! 1855ರಲ್ಲಿ ಪೆದ್ರೊ ಕರೊಲೀನೊ ಎಂಬವನು ಪೋರ್ಚುಗೀಸರಿಗೆ ಇಂಗ್ಲಿಷ್ ಕಲಿಸುವ ಪುಸ್ತಕ ಬರೆದ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಒಂದು ಪೋರ್ಚುಗೀಸ್-ಫ್ರೆಂಚ್ ಕೈಪಿಡಿಯನ್ನು ಹಿಡಿದು, ಅದರ ಫ್ರೆಂಚನ್ನು ನಿಘಂಟಿನ ಸಹಾಯದಿಂದ ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದ ಎನ್ನುವುದು ವಿದ್ವಾಂಸರ ಊಹೆ. ಬಾಗಿಲಲ್ಲಿ ಕಾದು ಕಾದು ಸುಸ್ತಾಗುವುದಕ್ಕೆ ಫ್ರೆಂಚಿನಲ್ಲಿ ಒಂದು ನುಡಿಗಟ್ಟಿದೆ. ಅವನ ಕೈಯಲ್ಲಿ ಅದು ಮಂಗವನ್ನು ಕಟಕಟ ಅಗಿಯುವ ಮಾತಾಯಿತು! ಇಂಗ್ಲಿಷರು ಬಿದ್ದು ಬಿದ್ದು ನಕ್ಕರು. 1883ರಲ್ಲಿ ಅಮೆರಿಕದಲ್ಲಿ ಮಾರ್ಕ್ ಟ್ವೇನನ ಮುನ್ನುಡಿಯೊಂದಿಗೆ ಅದು ಹಾಸ್ಯಗ್ರಂಥವಾಗಿಯೇ ಅಚ್ಚಾಯಿತು.

ಕರೊಲೀನೊ ಮಾಡಿದ ತಪ್ಪನ್ನೇ ಯಂತ್ರಗಳೂ ಬಹುಕಾಲ ಮಾಡಿದವು. ಗೂಗಲ್ ಟ್ರಾನ್ಸ್‌ಲೇಟ್ ಶುರುವಾದದ್ದು 2006ರಲ್ಲಿ, ಅದಕ್ಕೆ ಕನ್ನಡ ಸೇರಿದ್ದು 2011ರ ಜೂನಿನಲ್ಲಿ. ಆರಂಭದ ಆ ಕನ್ನಡ ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಇನ್ನೊಂದು ಕಡೆ 2010ರ ಡಿಸೆಂಬರಿನಲ್ಲಿ 'ವರ್ಡ್ ಲೆನ್ಸ್' ಎಂಬ ಆಪ್ ಬಂದಾಗ ಜನ ಕಣ್ಣುಜ್ಜಿಕೊಂಡು ನೋಡಿದರು. ಫೋನಿನ ಕ್ಯಾಮೆರಾವನ್ನು ಸ್ಪ್ಯಾನಿಷ್ ಬೋರ್ಡಿನ ಮುಂದೆ ಹಿಡಿದರೆ ಪರದೆಯ ಮೇಲೆ ಅದು ಇಂಗ್ಲಿಷ್ ಬೋರ್ಡಾಗಿಯೇ ಕಾಣುತ್ತಿತ್ತು, ಅದೂ ಇಂಟರ್ನೆಟ್ ಇಲ್ಲದೆ! 2014ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡು ಮರುವರ್ಷ ತನ್ನ ಟ್ರಾನ್ಸ್‌ಲೇಟ್ ಆಪ್‌ನೊಳಗೆ ಸೇರಿಸಿತು. 2016ರಿಂದ ಯಂತ್ರಗಳು ಪದಪದವಾಗಿ ಅಲ್ಲದೆ ವಾಕ್ಯವನ್ನು ಇಡಿಯಾಗಿ ನೋಡುವ ಪದ್ಧತಿ ಬಂದು ಸಾಕಷ್ಟು ಸುಧಾರಿಸಿವೆ. ಹಾಗೆಂದು ಅದರ ಮುಂದೆ ನಮ್ಮ ಗಾದೆ, ನುಡಿಗಟ್ಟು ಬಿಡಬೇಡಿ. "ತಲೆ ಗಿರ್ ಅಂತಿದೆ, ಹೊಟ್ಟೆ ತೊಳೆಸ್ತಿದೆ" ಎಂದು ಫೋನಿಗೆ ಹೇಳಿ ಔಷಧಿ ಅಂಗಡಿಯವನ ಮುಂದೆ ಹಿಡಿದರೆ ಏನಾಗಬಹುದು, ಊಹಿಸಿ! ಸಣ್ಣ ವಾಕ್ಯ, ಸರಳ ಪದ. ಪೆನ್ಸಿಲಿನ್ ಆಗದು, ಸಕ್ಕರೆ ಕಾಯಿಲೆ ಇದೆ ಎಂಬಂಥ ಮಾತುಗಳನ್ನು ಆ ದೇಶದ ಭಾಷೆ ಚೆನ್ನಾಗಿ ಬಲ್ಲ ಮಗಳಿಂದಲೋ ಅಳಿಯನಿಂದಲೋ ಬರೆಸಿ ಕಾಗದದಲ್ಲಿ ಇಟ್ಟುಕೊಳ್ಳಿ. ಪ್ರಾಣದ ವಿಷಯದಲ್ಲಿ ಕರೊಲೀನೊನ ಸಹವಾಸ ಬೇಡ.

ದಾರಿ ತೋರಿಸುವ ಆಪ್‌ನ ಹಿಂದೆ ಮಾತ್ರ ನಗೆಯ ಕಥೆ ಇಲ್ಲ. 1983ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನಿಂದ ಅಲಾಸ್ಕಾ ಮೂಲಕ ಸಿಯೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸಿನ 007ನೇ ಸಂಖ್ಯೆಯ ವಿಮಾನ ದಾರಿ ತಪ್ಪಿತು. ವಿಮಾನವನ್ನು ತಾನಾಗಿ ನಡೆಸುವ ಯಂತ್ರ ಸರಿಯಾದ ಕ್ರಮದಲ್ಲಿ ಇರಲಿಲ್ಲ. ಒಳಗಿದ್ದವರಿಗೆ ಅದು ತಿಳಿಯಲೇ ಇಲ್ಲ. ನೂರಾರು ಕಿಲೋಮೀಟರ್ ಅಡ್ಡದಾರಿ ಹಿಡಿದು ಸೋವಿಯತ್ ಒಕ್ಕೂಟದ ಆಕಾಶಕ್ಕೆ ನುಗ್ಗಿದ ಅದನ್ನು ಸಖಾಲಿನ್ ದ್ವೀಪದ ಬಳಿ ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿತು. 269 ಜನ ಸತ್ತರು. "ನಾನೆಲ್ಲಿದ್ದೇನೆ" ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಹೋದದ್ದಕ್ಕೆ ತೆತ್ತ ಬೆಲೆ ಅದು. ಅದಾದ ಕೆಲವೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ತಮ್ಮ ಸೈನ್ಯ ಕಟ್ಟುತ್ತಿದ್ದ ಉಪಗ್ರಹ ವ್ಯವಸ್ಥೆ ಸಿದ್ಧವಾದ ಮೇಲೆ ಎಲ್ಲ ದೇಶಗಳ ನಾಗರಿಕ ಬಳಕೆಗೂ ಸಿಗುತ್ತದೆ ಎಂದು ಘೋಷಿಸಿದರು. ಅದೇ ಜಿಪಿಎಸ್. ಆದರೂ ಬಹುಕಾಲ ಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಸುಮಾರು 100 ಮೀಟರಿನಷ್ಟು ತಪ್ಪು ಬೆರೆಸಿಡುತ್ತಿದ್ದರು. 2000ದ ಮೇ ತಿಂಗಳ ಮೊದಲಲ್ಲಿ ಅಧ್ಯಕ್ಷ ಕ್ಲಿಂಟನ್ ಆ ಕಲಬೆರಕೆ ನಿಲ್ಲಿಸಿದರು. ಫೋನಿನಲ್ಲಿ ನಮ್ಮ ಜೊತೆ ನಡೆಯುವ ಆ ನೀಲಿ ಚುಕ್ಕೆ ಸಾಧ್ಯವಾದದ್ದು ಹಾಗೆ.

ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ಉಪಗ್ರಹದ ಸಂಕೇತ ನೇರವಾಗಿ ಫೋನಿಗೇ ಬರುತ್ತದೆ, ನಮ್ಮ ರೇಡಿಯೋ ಕಾರ್ಯಕ್ರಮ ನಿಮ್ಮ ಸೆಟ್ಟಿಗೆ ಬರುವಂತೆ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಿಕೊಳ್ಳಲು ಮಾತ್ರ. ಆದ್ದರಿಂದ ಮನೆಯಲ್ಲಿರುವಾಗಲೇ ಆ ಊರಿನ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಂಡರೆ ನೀಲಿ ಚುಕ್ಕೆ ಅಲ್ಲಿಯೂ ನಡೆಯುತ್ತದೆ. 2005ರಲ್ಲಿ ಬಂದ ಗೂಗಲ್ ಮ್ಯಾಪ್ಸ್ ಆಗಲಿ, 2004ರಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿ ಸ್ವಯಂಸೇವಕರೇ ಬೆಳೆಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆಪ್‌ಗಳಾಗಲಿ ಈ ಅನುಕೂಲ ಕೊಡುತ್ತವೆ. ಚೀನಾಕ್ಕೆ ಹೋಗುವವರು ಮಾತ್ರ ಎಚ್ಚರ. ಅಲ್ಲಿ ಗೂಗಲ್ಲೂ ಇಲ್ಲ, ವಾಟ್ಸಾಪೂ ಇಲ್ಲ. ಅಲಿಪೇ, ವೀಚಾಟ್‌ಗಳನ್ನು ಮೊದಲೇ ಹಾಕಿಕೊಂಡು ಹೋಗಬೇಕು. 2023ರಿಂದ ವಿದೇಶಿ ಕಾರ್ಡುಗಳನ್ನೂ ಅವುಗಳಿಗೆ ಜೋಡಿಸುವುದು ಸುಲಭವಾಗಿದೆ.

ಮನೆಗೆ ಸುದ್ದಿ ಮುಟ್ಟಿಸುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಂತಿಯಲ್ಲಿ ಪದಕ್ಕೆ ಇಷ್ಟು ಎಂದು ದುಡ್ಡು ಕೊಡಬೇಕಾಗಿದ್ದ ಕಾಲದಲ್ಲಿ ಒಂದು ವಾಕ್ಯವನ್ನೇ ಒಂದು ಪದಕ್ಕೆ ಇಳಿಸುವ ಸಂಕೇತ ಪುಸ್ತಕಗಳಿದ್ದವು. 1873ರ 'ಎಬಿಸಿ ಕೋಡ್' ಅವುಗಳಲ್ಲಿ ಹೆಸರಾದದ್ದು. ನಮ್ಮ ಮಿಸ್ಡ್ ಕಾಲ್ ಅದರದೇ ತಮ್ಮ: ಎರಡು ರಿಂಗಾದರೆ ಕ್ಷೇಮವಾಗಿ ತಲುಪಿದೆ! ಉಕ್ರೇನಿನಿಂದ 1992ರಲ್ಲಿ, ಹದಿನಾರರ ವಯಸ್ಸಿನಲ್ಲಿ, ತಾಯಿಯ ಜೊತೆ ಅಮೆರಿಕಕ್ಕೆ ವಲಸೆ ಬಂದ ಜಾನ್ ಕೂಮ್ ಎಂಬ ಹುಡುಗ ಮುಂದೆ 2009ರಲ್ಲಿ ವಾಟ್ಸಾಪ್ ಕಟ್ಟಿದವರಲ್ಲಿ ಒಬ್ಬ. ದೂರದ ಊರಿನಲ್ಲಿ ನೆಲೆಸಿದವರ ಕಷ್ಟ ಅಂಥವನಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?

ಈಗ ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿ. ಬೇಡೆಕರ್ ಪುಸ್ತಕ ಕೋಟಿನ ಜೇಬಿನಲ್ಲಿ, ಬ್ರಾಡ್‌ಶಾ ಚೀಲದಲ್ಲಿ, ಟ್ರಾವೆಲರ್ಸ್ ಚೆಕ್ ಒಳಂಗಿಯಲ್ಲಿ, ಸಂಭಾಷಣೆ ಪುಸ್ತಕ ಕೈಯಲ್ಲಿ ಇರುತ್ತಿತ್ತು. ಒಂದು ಕಳೆದರೆ ಉಳಿದವು ಕೈಹಿಡಿಯುತ್ತಿದ್ದವು. 2008ರ ಜುಲೈ 10ರಂದು ಆಪಲ್ ಕಂಪನಿ ಸುಮಾರು 500 ಆಪ್‌ಗಳೊಂದಿಗೆ ತನ್ನ ಆಪ್ ಸ್ಟೋರ್ ತೆರೆದಾಗಿನಿಂದ ಎಲ್ಲವೂ ಒಂದೊಂದಾಗಿ ಒಂದೇ ಗಾಜಿನ ತುಂಡಿನೊಳಗೆ ಹೊಕ್ಕವು. ವಿಮಾನದ ಟಿಕೆಟ್ಟೂ ಅಲ್ಲೇ, ಹಣವೂ ಅಲ್ಲೇ, ಮಗಳ ನಂಬರೂ ಅಲ್ಲೇ. ನಮ್ಮ ತಲೆಯಲ್ಲಂತೂ ಯಾರ ನಂಬರೂ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಡಿಸೆಂಬರಿನ ಸಂಜೆ, ನಾನು ಪ್ರಾಗ್ ನಗರದ ಟ್ರಾಮಿನಲ್ಲಿದ್ದೆ. ಹೆಂಡತಿ ಜ್ವರವೆಂದು ಹೋಟೆಲಿನಲ್ಲೇ ಮಲಗಿದ್ದಳು. ಅವಳಿಗೆ ಮಾತ್ರೆ ತೆಗೆದುಕೊಂಡು ವಾಪಸು ಹೊರಟಿದ್ದೆ. ಹೊರಗೆ ಮೈ ಕೊರೆಯುವ ಚಳಿ. ಬ್ಯಾಟರಿ ಇನ್ನೂ 30 ಪ್ರತಿಶತ ಎಂದು ತೋರಿಸುತ್ತಿದ್ದ ಫೋನು ಇದ್ದಕ್ಕಿದ್ದಂತೆ ಕಪ್ಪಾಯಿತು. ಅತಿ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಹೀಗೆ ಮೂರ್ಛೆ ಹೋಗುತ್ತದೆ ಎಂದು ಆಮೇಲೆ ತಿಳಿಯಿತು. ಇಳಿಯಬೇಕಾದ ನಿಲ್ದಾಣದ ಹೆಸರು ಗೊತ್ತಿಲ್ಲ, ಗೊತ್ತಿದ್ದರೂ ಉಚ್ಚರಿಸಲು ಬಾರದು. ಹೋಟೆಲಿನ ಫೋನ್ ನಂಬರು ಫೋನಿನೊಳಗೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ದಾದರ್ ಸ್ಟೇಷನ್ನಿನಲ್ಲಿ ಇಳಿದ ದಿನದ ಹೆದರಿಕೆ ಮತ್ತೆ ಹೊಟ್ಟೆಯೊಳಗೆ ತಿರುಗಿತು, ಆದರೆ ಆ ದಿನ ನಾನೊಬ್ಬನೇ ಇದ್ದೆ.

ಪರ್ಸು ತಡಕಿದರೆ ಒಂದು ಚೀಟಿ ಸಿಕ್ಕಿತು. ಹೊರಡುವಾಗ ನನ್ನವಳು, ನಾನು ನಗಾಡುತ್ತಿದ್ದರೂ ಕೇಳದೆ, ಹೋಟೆಲಿನ ರಿಸೆಪ್ಷನ್ ಹುಡುಗಿಯಿಂದ ವಿಳಾಸವನ್ನು ಚೆಕ್ ಭಾಷೆಯಲ್ಲಿ ಬರೆಸಿ ನನ್ನ ಪರ್ಸಿಗೆ ತುರುಕಿದ್ದಳು. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಕುಳಿತಿದ್ದ ಅಜ್ಜಿಯ ಮುಂದೆ ಅದನ್ನು ಹಿಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು, ಮೂರು ಬೆರಳು ತೋರಿಸಿದರು. ಮೂರನೇ ನಿಲ್ದಾಣ ಬಂದಾಗ ನನ್ನ ತೋಳು ತಟ್ಟಿ, ಕಿಟಕಿಯಾಚೆ ಎಡಕ್ಕೆ ಕೈ ಮಾಡಿದರು.

ಆ ಚೀಟಿ ಈಗಲೂ ಪರ್ಸಿನಲ್ಲಿದೆ, ಮಡಿಕೆಯಲ್ಲಿ ಹರಿಯುತ್ತ ಬಂದಿದೆ. ಅದರ ಹಿಂಬದಿಯಲ್ಲಿ ಈಗ ಮಕ್ಕಳ ನಂಬರು, ಪಾಸ್‌ಪೋರ್ಟ್ ಸಂಖ್ಯೆ, ನನ್ನ ಬಿಪಿ ಮಾತ್ರೆಯ ಹೆಸರು ಬರೆದುಕೊಂಡಿದ್ದೇನೆ. ನಿಮ್ಮ ಫೋನಿನ ಆಪ್‌ಗಳ ಪಟ್ಟಿ ನನಗೆ ಕಳಿಸಬೇಡಿ. ನಿಮ್ಮ ಚೀಟಿಯಲ್ಲಿ ಏನೇನಿದೆ, ಅದು ಯಾವ ಊರಿನಲ್ಲಿ ಕೆಲಸಕ್ಕೆ ಬಂತು ಎಂದು ಒಂದು ಕಾರ್ಡು ಬರೆಯಿರಿ. ಮುಂದಿನ ತಿಂಗಳ ಕಾರ್ಯಕ್ರಮದಲ್ಲಿ ಓದೋಣ.